ಶನಿವಾರವೇ ಮುಗಿದುಹೋದ ಭಾನುವಾರದ ಹರಾಜು

ಭಾನುವಾರ ರಾತ್ರಿ 9 ಗಂಟೆಗೆ ಮುಗಿಯಬೇಕಿದ್ದ ಹರಾಜು ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೇ ಮುಗಿದುಹೋಗಿತ್ತು. ಕೈ ತೊಳೆದು ಬಂದು ಫೋನ್ ನೋಡಿದರೆ, ನನ್ನ ಬಿಡ್ ಕಾಣುತ್ತಿದ್ದ ಜಾಗದಲ್ಲಿ ಬೂದು ಬಣ್ಣದ ಒಂದೇ ಸಾಲು: 'ವಸ್ತು ಈಗ ಲಭ್ಯವಿಲ್ಲ. ಮಾರಾಟಗಾರರು ಹರಾಜನ್ನು ಹಿಂಪಡೆದಿದ್ದಾರೆ.' ಆರು ದಿನದಿಂದ ಎಲ್ಲರಿಗಿಂತ ಮುಂದಿದ್ದವನು ನಾನು. ಬಿಡ್ 1,150 ರೂಪಾಯಿಗೆ ನಿಂತಿತ್ತು. ಆಮೇಲೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ನಾನು ಬಿಡ್ ಹಾಕಿದ್ದು ಹಳೆಯ ಜಾವಾ ಬೈಕಿನ ಒಂದು ಸ್ಪೀಡೋಮೀಟರಿಗೆ. ಬೈಕು ಅಪ್ಪನದು, 1969ರ ಮಾಡೆಲ್. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗ ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. ಅರವತ್ತರ ದಶಕದ ಆರಂಭದಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಗೊತ್ತಿಲ್ಲದವರು ಬೈಕಿನ ಸುತ್ತ ಎರಡು ಸುತ್ತು ಹಾಕಿ ಕಿಕ್ಕರ್ ಎಲ್ಲಿದೆ ಎಂದು ಕೇಳುತ್ತಾರೆ. ಸ್ಪೀಡೋಮೀಟರ್ ಇರುವುದು ಹ್ಯಾಂಡಲ್ ಮೇಲಲ್ಲ, ಹೆಡ್‌ಲೈಟಿನ ಗೂಡಿನ ನೆತ್ತಿಯಲ್ಲಿ. ನಮ್ಮದರ ಮುಳ್ಳು ಅಪ್ಪ ಗಾಡಿ ಓಡಿಸುವುದನ್ನು ನಿಲ್ಲಿಸುವ ಮೊದಲೇ ನಿಂತುಹೋಗಿತ್ತು.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಗಾಡಿಯನ್ನು ಮಂಡ್ಯದಿಂದ ಮೈಸೂರಿಗೆ ತಂದು ಮಂಡಿ ಮೊಹಲ್ಲಾದ ಒಬ್ಬ ಮೆಕ್ಯಾನಿಕ್ ಕೈಗೆ ಕೊಟ್ಟೆ. ನಾವೆಲ್ಲ ಅವರನ್ನು ಭಾಯ್ ಎಂದೇ ಕರೆಯುವುದು. ಇಂಜಿನ್ ಒಂದು ತಿಂಗಳಲ್ಲಿ ಸಿದ್ಧವಾಯಿತು. ಮೀಟರ್ ಬಿಚ್ಚಿ ನೋಡಿ ಭಾಯ್ ತಲೆಯಾಡಿಸಿದರು. "ಒಳಗಿನ ಹಲ್ಲು ಸವೆದೋಗಿದೆ ಸಾರ್. ಈಗಿನ ಡೂಪ್ಲಿಕೇಟ್ ಹಾಕಿದ್ರೆ ಮುಳ್ಳು ಕುಣೀತಾ ಇರ್ತದೆ. ಒರಿಜಿನಲ್ಲೇ ಹುಡುಕಿ, ಟೈಮ್ ತಗೊಳ್ಳಿ." ಹಾಗೆ ಹುಡುಕುತ್ತಾ ಹೋದವನಿಗೆ ಹಳೆಯ ವಸ್ತುಗಳ ಒಂದು ಹರಾಜು ತಾಣದಲ್ಲಿ ಅದು ಕಂಡಿತು. ಗಾಜು ಒಡೆದಿಲ್ಲ, ಅಂಕಿಗಳು ಅಳಿಸಿಲ್ಲ. ಸುತ್ತಿನ ಕ್ರೋಮ್ ಬಳೆಯ ಮೇಲೆ ಬಲಗಡೆ, ಗಡಿಯಾರದಲ್ಲಿ ನಾಲ್ಕು ಗಂಟೆ ಇರುವ ಕಡೆ, ಕನ್ನಡದ ಎರಡರ ಆಕಾರದಲ್ಲಿ ಒಂದು ಗೀರು. ಆ ಫೋಟೋವನ್ನು ನಾನು ಅದೆಷ್ಟು ಸಲ ದೊಡ್ಡದು ಮಾಡಿ ನೋಡಿದ್ದೆನೆಂದರೆ, ಗೀರಿನ ಬಾಲ ಎಲ್ಲಿ ಮುಗಿಯುತ್ತದೆ ಎಂಬುದು ಈಗಲೂ ನೆನಪಿದೆ.

ಇಂಥ ಹರಾಜು ನಡೆಯುವ ರೀತಿ ಊರ ಹಬ್ಬದಲ್ಲಿ ದೇವರ ತೆಂಗಿನಕಾಯಿ ಹರಾಜು ಹಾಕುವ ಹಾಗಲ್ಲ. ಅಲ್ಲಿ ಕೂಗುವವನ ಬಾಯಿ ಎಲ್ಲರಿಗೂ ಕೇಳುತ್ತದೆ. ಇಲ್ಲಿ ನಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಒಂದೇ ಸಲ ಬರೆದಿಡಬೇಕು, ನಾನು 3,800 ಬರೆದೆ. ಅದು ಯಂತ್ರಕ್ಕೆ ಮಾತ್ರ ಗೊತ್ತು. ಹಿಂದಿನವರು 1,100ರವರೆಗೆ ಬಂದಿದ್ದರೆ ನನ್ನ ಹೆಸರಲ್ಲಿ ಯಂತ್ರ 1,150 ತೋರಿಸಿ ಸುಮ್ಮನಾಗುತ್ತದೆ. ಯಾರಾದರೂ 2,000 ಹಾಕಿದರೆ ಆಗ ಅದು 2,050ಕ್ಕೆ ಏರುತ್ತದೆ. ಎಂದರೆ ಪರದೆಯ ಮೇಲೆ ಕಾಣುವ ಬೆಲೆ ನನ್ನ ಬೆಲೆಯಲ್ಲ, ನನ್ನ ಹಿಂದಿರುವವನ ಬೆಲೆಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಮಾರುವವನ ಕಣ್ಣಿಗೆ ಬೀಳುವುದೂ ಆ ಸಣ್ಣ ಅಂಕಿಯೇ.

ಇನ್ನೊಂದು ಸಂಗತಿ. ಅನುಭವ ಇರುವವರು ವಾರವೆಲ್ಲ ಬಾಯಿ ಬಿಡುವುದಿಲ್ಲ, ಕೊನೆಯ ನಿಮಿಷದಲ್ಲಿ ಬಂದು ಹಾಕುತ್ತಾರೆ. ಇದು ನನ್ನ ಊಹೆಯಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈಬೇ ಮತ್ತು ಅಮೆಜಾನ್ ಎಂಬ ಮಾರಾಟ ತಾಣಗಳ ಅಂದಿನ ಹರಾಜುಗಳನ್ನು ಹೋಲಿಸಿ 2002ರಲ್ಲಿ ಇದನ್ನೇ ತೋರಿಸಿದರು. ರಾತ್ ಅವರಿಗೆ ಮುಂದೆ 2012ರಲ್ಲಿ ನೊಬೆಲ್ ಬಂತು. ಈಬೇಯಲ್ಲಿ ಹೇಳಿದ ಗಳಿಗೆಗೆ ಬಾಗಿಲು ಮುಚ್ಚುತ್ತಿತ್ತು, ಹಾಗಾಗಿ ಬಿಡ್‌ಗಳು ಕೊನೆಯ ಕ್ಷಣಕ್ಕೆ ಮುಗಿಬೀಳುತ್ತಿದ್ದವು. ಅಮೆಜಾನ್‌ನಲ್ಲಿ ಕೊನೆಯ 10 ನಿಮಿಷದೊಳಗೆ ಬಿಡ್ ಬಂದರೆ ಹರಾಜೇ ಮುಂದಕ್ಕೆ ಹೋಗುತ್ತಿತ್ತು, ಅಲ್ಲಿ ಆ ನೂಕುನುಗ್ಗಲು ಕಡಿಮೆ. ನಮ್ಮ ತಾಣದ್ದು ಮೊದಲನೆಯ ರೀತಿ. ಶನಿವಾರ 1,150 ಕಂಡಿತೆಂದು ಗಾಬರಿಯಾದ ಆ ಮಾರಾಟಗಾರ, ಭಾನುವಾರ ರಾತ್ರಿ 8.55ಕ್ಕೆ ಯಾರು ಯಾರು ಬರಲಿದ್ದರು ಎಂದು ನೋಡಲು ಕಾಯಲೇ ಇಲ್ಲ. ಆಮೇಲೆ ನಮ್ಮ ಜಾವಾ ವಾಟ್ಸಾಪ್ ಬಳಗದಲ್ಲಿ ಈ ಮಾತು ಎತ್ತಿದಾಗ ಹಾಸನದ ಒಬ್ಬರು ಹೇಳಿದರು: "ನಾನೂ ಅದನ್ನೇ ಕಾಯ್ತಿದ್ದೆ ಸರ್, 5,000ದವರೆಗೂ ಹೋಗೋಣ ಅಂತಿದ್ದೆ." ಅವರು ಬಂದಿದ್ದರೆ ಮೀಟರ್ ನನಗೆ ಸಿಗುತ್ತಿರಲಿಲ್ಲ. ಹಾಗೆ ಸೋತಿದ್ದರೆ ನನಗೆ ಬೇಸರವೇ ಇರುತ್ತಿರಲಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ಅದೇ ಮೀಟರ್ ಮತ್ತೆ ಬಂತು. ಹರಾಜಿಗಲ್ಲ, 6,500 ರೂಪಾಯಿಗೆ, ನಿಗದಿತ ಬೆಲೆಗೆ. 'ಲಭ್ಯವಿಲ್ಲ' ಎಂದಿದ್ದ ವಸ್ತು. ಹೊಸ ಫೋಟೋ, ಕೆಳಗೆ ಬೇರೆ ಬಟ್ಟೆ ಹಾಸಿದ್ದರು. ಆದರೆ ನಾಲ್ಕು ಗಂಟೆಯ ಕಡೆ ಅದೇ ಗೀರು, ಅದೇ ಬಾಲ.

ಮಾರಾಟಗಾರನಿಗೆ ಬರೆದೆ. ಬೈಯಲಿಲ್ಲ, ಯಾಕೆ ಹೀಗೆ ಮಾಡಿದಿರಿ ಎಂದಷ್ಟೇ ಕೇಳಿದೆ. ಉತ್ತರ ಬೇಗ ಬಂತು: ಅಷ್ಟು ಕಡಿಮೆಗೆ ಹೋಗುವುದಾದರೆ ನಾನೇಕೆ ಕೊಡಲಿ, ನನ್ನ ವಸ್ತು, ನನ್ನಿಷ್ಟ. ತಾಣದವರಿಗೆ ದೂರು ಕೊಟ್ಟೆ. 'ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ' ಎಂಬ ಸಿದ್ಧ ಉತ್ತರ ಬಂತು, ಅಲ್ಲಿಗೆ ಅದು ಮುಗಿಯಿತು.

ಆದರೆ 'ನನ್ನ ವಸ್ತು, ನನ್ನಿಷ್ಟ' ಎಂಬ ಮಾತು ತಲೆಯಿಂದ ಹೋಗಲಿಲ್ಲ. ಅದು ನಿಜವೇ? ನನ್ನ ಜೊತೆ ಓದಿದ ಗೆಳೆಯನೊಬ್ಬ ಮೈಸೂರಿನಲ್ಲಿ ವಕೀಲ. ಒಂದು ಸಂಜೆ ಅವನನ್ನು ಕಾಫಿಗೆ ಕರೆದು ಎಲ್ಲ ಹೇಳಿದೆ. ಅವನು ಮೊದಲು ಕೇಳಿದ್ದು, "ಹರಾಜು ಮುಗಿದ ಮೇಲೆ ಕೊಡಲ್ಲ ಅಂದನೋ, ಮುಗಿಯೋಕೆ ಮುಂಚೆ ನಿಲ್ಲಿಸಿದನೋ?" ಮುಂಚೆ ಎಂದೆ. "ಹಂಗಾದ್ರೆ ಕಷ್ಟ ಕಣೋ" ಎಂದ.

ಅವನು ಬಿಡಿಸಿ ಹೇಳಿದ್ದು ಹೀಗೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಹರಾಜಿನ ಬಗ್ಗೆಯೇ ಇದೆ. ಸುತ್ತಿಗೆ ಬಡಿದೋ, ರೂಢಿಯಲ್ಲಿರುವ ಬೇರೆ ರೀತಿಯಲ್ಲೋ 'ಮುಗಿಯಿತು' ಎಂದು ಸಾರಿದಾಗಲೇ ಮಾರಾಟ ಪೂರ್ಣ. ಅಲ್ಲಿಯವರೆಗೆ ಕೂಗಿದವನು ತನ್ನ ಕೂಗನ್ನು ವಾಪಸು ತೆಗೆದುಕೊಳ್ಳಬಹುದು. ಬಿಡ್ ಎನ್ನುವುದು ಬರೀ ಒಂದು ಪ್ರಸ್ತಾಪ, ಅದನ್ನು ಒಪ್ಪುವ ಮೊದಲು ಒಪ್ಪಂದವೇ ಇಲ್ಲ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಕನಿಷ್ಠ ಬೆಲೆ ಇಟ್ಟುಕೊಳ್ಳುವುದಕ್ಕೂ ಅದೇ ಕಲಮಿನಲ್ಲಿ ಅವಕಾಶವಿದೆ. ಮಾರುವವನು ಮುಂಚಿತವಾಗಿ ತಿಳಿಸದೆ ತಾನೇ ಕೂಗುವುದನ್ನು, ತನ್ನವರಿಂದ ಕೂಗಿಸಿ ಬೆಲೆ ಏರಿಸುವುದನ್ನು ಮಾತ್ರ ಕಾಯ್ದೆ ವಂಚನೆಯ ಸಾಲಿಗೆ ಸೇರಿಸುತ್ತದೆ. "ಅವನು ಹಾಗೇನೂ ಮಾಡಿಲ್ಲವಲ್ಲ. ತಾಣದ ನಿಯಮದಲ್ಲಿ ಏನು ಬರೆದಿದೆ ಅನ್ನೋದೇ ಮುಖ್ಯ ಆಗುತ್ತೆ" ಎಂದ.

ಅದೇ ಮಾತಿನಲ್ಲಿ ಅವನು ಹೇಳಿದ ಜರ್ಮನಿಯ ಒಂದು ಪ್ರಕರಣ ನನಗೆ ನಿದ್ದೆ ಕೆಡಿಸಿತು. ಒಬ್ಬ ತನ್ನ ಫೋಕ್ಸ್‌ವ್ಯಾಗನ್ ಪಸ್ಸಾಟ್ ಕಾರನ್ನು ಈಬೇಯಲ್ಲಿ 1 ಯೂರೋದಿಂದ ಹರಾಜಿಗಿಟ್ಟ. ಇನ್ನೊಬ್ಬ ಗರಿಷ್ಠ 555.55 ಯೂರೋ ಎಂದು ಬಿಡ್ ಹಾಕಿದ. ಎದುರಾಳಿ ಯಾರೂ ಇಲ್ಲದ್ದರಿಂದ ಬೆಲೆ 1 ಯೂರೋದಲ್ಲೇ ನಿಂತಿತ್ತು. ಕೆಲವೇ ಗಂಟೆಯಲ್ಲಿ ಮಾಲೀಕ ಹರಾಜು ನಿಲ್ಲಿಸಿ, ಹೊರಗಡೆ 4,200 ಯೂರೋಗೆ ಗಿರಾಕಿ ಸಿಕ್ಕಿದ್ದಾನೆ ಎಂದು ತಿಳಿಸಿದ. ಬಿಡ್ ಹಾಕಿದವನು ಬಿಡಲಿಲ್ಲ. 2014ರ ನವೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಅವನ ಪರವಾಗಿ ನಿಂತಿತು. ಕಾರಿನ ನಿಜವಾದ ಬೆಲೆ 5,250 ಯೂರೋ, ಅದರಲ್ಲಿ 1 ಯೂರೋ ಕಳೆದು 5,249 ಯೂರೋ ಪರಿಹಾರ. ಆ ತಾಣದ ನಿಯಮದ ಪ್ರಕಾರ ವಸ್ತುವನ್ನು ಹರಾಜಿಗಿಡುವುದೇ ಮಾರುವವನು ಕೊಟ್ಟ ಮಾತು. ಸಕಾರಣವಿಲ್ಲದೆ ಅದನ್ನು ನಡುವೆ ಕಿತ್ತುಕೊಳ್ಳುವಂತಿಲ್ಲ. ಕಡಿಮೆ ಬೆಲೆಯಿಂದ ಶುರು ಮಾಡಿ ಜನರನ್ನು ಸೇರಿಸುವ ಲಾಭ ಬೇಕೆಂದವನು, ಜನ ಸೇರದಿದ್ದರೆ ಆಗುವ ನಷ್ಟಕ್ಕೂ ತಲೆ ಕೊಡಬೇಕು.

ಈಬೇಯ ನಿಯಮವನ್ನೂ ಆಮೇಲೆ ಓದಿದೆ. ಭಾರತದಲ್ಲಿ ಅದರ ಅಂಗಡಿ 2018ರ ಆಗಸ್ಟ್ 14ಕ್ಕೆ ಮುಚ್ಚಿತು, ಹೊರದೇಶದ ತಾಣ ಈಗಲೂ ಇದೆ. ಹರಾಜು ಮುಗಿಯಲು 12 ಗಂಟೆಗಿಂತ ಹೆಚ್ಚು ಸಮಯವಿದ್ದರೆ ಮಾರುವವನು ಬಿಡ್‌ಗಳನ್ನು ರದ್ದು ಮಾಡಿ ನಿಲ್ಲಿಸಲು ಅಲ್ಲಿ ದಾರಿಯಿದೆ. ಅದಕ್ಕೆ ವಸ್ತು ಕಳೆದಿದೆ, ಒಡೆದಿದೆ, ವಿವರ ತಪ್ಪಾಗಿದೆ ಎಂಬಂಥ ಕಾರಣ ಬೇಕು. 12 ಗಂಟೆಯೊಳಗೆ ಬಂದುಬಿಟ್ಟಿದ್ದರೆ, ಬಿಡ್ ಇದ್ದರೆ, ಆ ಹೊತ್ತಿಗೆ ಮುಂದಿರುವವನಿಗೇ ಮಾರಿ ಮುಗಿಸಬೇಕು. ನಮ್ಮವನು ನಿಲ್ಲಿಸಿದ್ದು 31 ಗಂಟೆ ಮೊದಲು. ಅಲ್ಲೇ ಆಗಿದ್ದರೂ ಕದ ತೆರೆದೇ ಇರುತ್ತಿತ್ತು, ಆದರೆ ಸುಳ್ಳು ಕಾರಣ ಬರೆದೇ ದಾಟಬೇಕಿತ್ತು.

ಆ ದಿನಗಳಲ್ಲೇ ಚಿಕ್ಕಪ್ಪನ ಜೊತೆ ರಾಮನಗರಕ್ಕೆ ಹೋಗಬೇಕಾಯಿತು. ಚಿಕ್ಕಪ್ಪನದು ಮಳವಳ್ಳಿ ಕಡೆ ಎರಡು ಎಕರೆ ಹಿಪ್ಪುನೇರಳೆ. ಮಗ ಊರಲ್ಲಿರಲಿಲ್ಲ, ಮೂಟೆ ಇಳಿಸಲು ಒಬ್ಬರು ಬೇಕಿತ್ತು. ರಾತ್ರಿ ಮೂರಕ್ಕೆ ಲಗೇಜ್ ಆಟೋದಲ್ಲಿ ಹೊರಟೆವು. ಹಿಂದೆ ರೇಷ್ಮೆ ಗೂಡಿನ ಮೂಟೆಗಳು, ಮುಂದೆ ನಾವು ಮೂವರು. ಹುಳದ ಆ ವಾಸನೆ ಬಟ್ಟೆಯಿಂದ ಎರಡು ದಿನ ಹೋಗಲಿಲ್ಲ.

ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಈಗ ಎಲ್ಲವೂ ಇ-ಹರಾಜು. ಗೂಡನ್ನು ಸುರಿದು ಹರಡುತ್ತಾರೆ, ಲಾಟಿಗೊಂದು ನಂಬರ್ ಬೀಳುತ್ತದೆ. ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಸಾಲಾಗಿ ಬರುತ್ತಾರೆ, ಒಂದು ಹಿಡಿ ತೆಗೆದು ಒತ್ತಿ ನೋಡುತ್ತಾರೆ, ಒಂದೆರಡು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳ ಚೆನ್ನಾಗಿದೆಯೋ, ಸತ್ತು ಅಂಟಿದೆಯೋ ಎಂಬುದು ಆ ಸದ್ದಿನಲ್ಲೇ ಗೊತ್ತಾಗುತ್ತದಂತೆ. ನಾನೂ ಒಂದನ್ನು ಕಿವಿಗೆ ಹಿಡಿದೆ. ಒಣಗಿದ ಹುಣಸೆ ಕಾಯೊಳಗೆ ಬೀಜ ಆಡುವ ಹಾಗೆ ಟಕ್ ಟಕ್ ಅಂತು. ಆಮೇಲೆ ಅವರು ಮಾತಿಲ್ಲದೆ ಮೊಬೈಲಿನಲ್ಲಿ ಬೆಲೆ ಒತ್ತುತ್ತಾ ಮುಂದೆ ಹೋಗುತ್ತಾರೆ. ಸಮಯ ಮುಗಿದಾಗ ಲಾಟಿನ ಬೆಲೆ ಗೊತ್ತಾಗುತ್ತದೆ.

ಚಿಕ್ಕಪ್ಪನ ಲಾಟಿಗೆ ಬಂದ ಬೆಲೆ ಅವರು ಅಂದುಕೊಂಡದ್ದಕ್ಕಿಂತ ತೀರ ಕಡಿಮೆ. "ಒಪ್ಪಿಗೆ ಇಲ್ಲ" ಎಂದರು. ಎಲ್ಲರೆದುರೇ, ಮಾರುಕಟ್ಟೆಯ ಸಿಬ್ಬಂದಿಗೆ. ಲಾಟು ಎರಡನೆಯ ಸುತ್ತಿಗೆ ಹೋಯಿತು. ಕಿಲೋಗೆ 9 ರೂಪಾಯಿ ಹೆಚ್ಚು ಬಂತು, ಒಪ್ಪಿಕೊಂಡರು. ಮೂಟೆಯ ಗೋಣಿಚೀಲ ಮಡಚುತ್ತಾ ನಾನು ನನ್ನ ಮೀಟರಿನ ಕತೆ ಹೇಳಿದೆ. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು.

"ನಾನೂ ಬ್ಯಾಡ ಅಂದೆ ಕಣ್ಲಾ ಮಗಾ. ಆದ್ರೆ ಬಾಯ್ಬುಟ್ಟು ಅಂದೆ. ಬ್ಯಾಡ ಅನ್ನೋಕೆ ಇಲ್ಲಿ ಕಾನೂನೈತೆ, ಅದು ಆ ರೀಲರ್‌ಗೂ ಗೊತ್ತು. ಗೂಡು ಸುಟ್ಟೋಯ್ತು ಅಂತ ಸುಳ್ಳೇಳಿ ಮೂಟೆ ಎತ್ಕೊಂಡು ಹಿಂದ್ಲ ಬಾಗ್ಲಲ್ಲಿ ಹೋಗ್ಲಿಲ್ವಲ್ಲ."

ಇನ್ನೊಂದು ವಿಷಯ ಅವರು ಹೇಳಲಿಲ್ಲ, ವಾಪಸು ಬರುವಾಗ ನನಗೇ ಹೊಳೆಯಿತು. ಗೂಡಿಗೆ ಕಾಯುವ ಸಮಯವಿಲ್ಲ. ಹುಳ ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಯಿಂದ ಬಿಡಿಸಿದ ಮೇಲೆ ಕೆಲವೇ ದಿನ, ಆಮೇಲೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಒಂದೇ ಸಮನೆ ಬಿಚ್ಚಲು ಬರುವುದಿಲ್ಲ. ಬೇಡ ಎನ್ನುವ ರೈತ ತನ್ನ ಬೆವರನ್ನೇ ಪಣಕ್ಕಿಟ್ಟು ಬೇಡ ಎನ್ನುತ್ತಾನೆ. ಐವತ್ತು ವರ್ಷ ಕಾದಿರುವ ಮೀಟರ್ ಇನ್ನೊಂದು ದಿನ ಕಾದಿದ್ದರೆ ಏನೂ ಆಗುತ್ತಿರಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ ನಾನೇ ಮಾರುವವನ ಜಾಗದಲ್ಲಿ ಕೂತೆ. ಬಿಡಿಭಾಗಗಳಿಗಾಗಿ ಕೊಂಡಿದ್ದ ಒಂದು ಗುಜರಿ ಜಾವಾದಲ್ಲಿ ಪೆಟ್ರೋಲ್ ಟ್ಯಾಂಕು ಗಟ್ಟಿಯಾಗಿತ್ತು. ಎರಡೂ ಪಕ್ಕದ ಕ್ರೋಮು ಸ್ವಲ್ಪ ಮಂಕಾಗಿತ್ತು, ಮೊಣಕಾಲು ತಾಗುವ ರಬ್ಬರು ಹರಿದಿರಲಿಲ್ಲ, ಟಾರ್ಚ್ ಬಿಟ್ಟು ನೋಡಿದರೆ ಒಳಗೆ ತುಕ್ಕಿಲ್ಲ. ನನ್ನ ಗಾಡಿಗೆ ಅಪ್ಪನ ಟ್ಯಾಂಕೇ ಇದೆ. ನಮ್ಮ ವಾಟ್ಸಾಪ್ ಬಳಗದಲ್ಲೇ ಹರಾಜಿಗಿಟ್ಟೆ. ಅಲ್ಲಿನ ನಿಯಮ ಸರಳ: ಮೂರು ದಿನ, ಕೊನೆಯ 5 ನಿಮಿಷದಲ್ಲಿ ಕೂಗು ಬಂದರೆ ಇನ್ನೂ 5 ನಿಮಿಷ. '1 ರೂಪಾಯಿಂದ ಶುರು ಮಾಡಿ ಸರ್, ಜನ ಮುತ್ತಿಕೊಳ್ತಾರೆ' ಎಂದು ಅಡ್ಮಿನ್ ಹೇಳಿದರು. ನಾನು '2,000ದಿಂದ ಶುರು, ಅದಕ್ಕಿಂತ ಕಡಿಮೆಗೆ ಕೊಡುವುದಿಲ್ಲ' ಎಂದು ಬರೆದೆ. ಐದಾರು ಸಾವಿರ ಬರಬಹುದು ಎಂದು ಭಾಯ್ ಹೇಳಿದ್ದರು.

ಮೊದಲ ದಿನ ಯಾರೂ ಕೂಗಲಿಲ್ಲ. ಎರಡನೆಯ ದಿನ 2,000, ಸಂಜೆಗೆ 2,100. ಮೂರನೆಯ ದಿನ ಬೆಳಿಗ್ಗೆಯೂ 2,100. ಆಗ ಆ ಮಾರಾಟಗಾರನ ಕಷ್ಟ ನನಗೆ ಮೈಯಲ್ಲಿ ಗೊತ್ತಾಯಿತು. ಗಂಟೆಗೊಮ್ಮೆ ಫೋನ್ ತೆಗೆಯುವುದು, ಅದೇ ಅಂಕಿ ನೋಡುವುದು, ಟ್ಯಾಂಕಿನ ಹತ್ತಿರ ಹೋಗಿ ಕೈ ಸವರುವುದು. ಇಷ್ಟು ಒಳ್ಳೆಯ ವಸ್ತುವನ್ನು ಬಿಟ್ಟಿ ಕೊಡುತ್ತಿದ್ದೇನಲ್ಲ ಎಂಬ ಸಂಕಟ. ತಿಳಿದವನಾಗಿ, ಕೊನೆಯ ನಿಮಿಷದ ಲೆಕ್ಕವನ್ನೆಲ್ಲ ಓದಿದವನಾಗಿ ಕೂಡ ಎದೆ ಕೇಳುವುದಿಲ್ಲ.

ಹನ್ನೊಂದು ಗಂಟೆಗೆ ಬಳಗದವರೇ ಒಬ್ಬರು ಬೇರೆಯಾಗಿ ಮೆಸೇಜು ಹಾಕಿದರು: "ಸರ್, ಹರಾಜು ನಿಲ್ಲಿಸಿಬಿಡಿ. 5,500 ಈಗಲೇ ಫೋನ್‌ಪೇ ಮಾಡ್ತೀನಿ." ಹರಾಜುಗಳು ನಡುವೆ ನಿಲ್ಲುವ ಬಗೆ ಇದೇ ಎಂದು ಆಗ ಅರ್ಥವಾಯಿತು. ಮಾರುವವನು ಹೆದರಿರುವ ಗಳಿಗೆ ನೋಡಿ ಯಾರೋ ಒಬ್ಬರು ಪಕ್ಕದಿಂದ ಬರುತ್ತಾರೆ. ಹೆಂಡತಿಗೆ ತೋರಿಸಿದೆ. "ತಗೊಳ್ರೀ. ಕೂಗಿರೋರು ನಿಮಗೇನು ನೆಂಟರಾ?" ಎಂದಳು. ಅವಳು ಹೇಳಿದ್ದು ತಪ್ಪಲ್ಲ, ಆ ತಿಂಗಳು ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. ಉತ್ತರ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ "ಇದೇ ಮೊತ್ತವನ್ನು ಬಳಗದಲ್ಲೇ ಕೂಗಿ ಸರ್, ನೀವೇ ಗೆಲ್ತೀರಿ" ಎಂದು ಬರೆದೆ. ಅವರು ಕೂಗಲಿಲ್ಲ. ಎಲ್ಲರೆದುರು ಕೂಗಿದರೆ 3,000ಕ್ಕೇ ಸಿಕ್ಕೀತೆಂದು ಕಾದರೋ, ಬೇಸರಪಟ್ಟುಕೊಂಡರೋ, ನಾನು ಕೇಳಲಿಲ್ಲ.

ರಾತ್ರಿ 8.56ಕ್ಕೆ 2,500 ಬಂತು. ಆಮೇಲೆ ಇಬ್ಬರು ಹಿಡಿದುಕೊಂಡರು. ಐದೈದು ನಿಮಿಷ ಮುಂದಕ್ಕೆ ಹೋಗುತ್ತಾ 9.20ಕ್ಕೆ 3,900ಕ್ಕೆ ನಿಂತಿತು. ಮೂರು ಸಾರಿ ಬರೆದು ಅಡ್ಮಿನ್ ಮುಗಿಸಿದರು. ಬೆಳಿಗ್ಗೆ ಕೈಗೆ ಬಂದಿದ್ದ ಮೊತ್ತಕ್ಕಿಂತ 1,600 ಕಡಿಮೆ. ಆ ರಾತ್ರಿ ಅದು ನೋವಾಗಿಯೇ ಉಳಿಯಿತು, ಇಲ್ಲವೆನ್ನಲಾರೆ.

ಗೆದ್ದವನು ಪಾಂಡವಪುರದ ಹುಡುಗ, ಇಪ್ಪತ್ತಮೂರು ಇಪ್ಪತ್ನಾಲ್ಕು ವರ್ಷ ಇರಬಹುದು. ಭಾನುವಾರ ಬಸ್ಸಿನಲ್ಲಿ ಬಂದ, ಕಂಕುಳಲ್ಲಿ ಮಡಚಿದ ಗೋಣಿಚೀಲ. ತಾತನ ಗಾಡಿಯಂತೆ, ಕೊಟ್ಟಿಗೆಯಲ್ಲಿ ಹದಿನೈದು ವರ್ಷ ನಿಂತಿದೆಯಂತೆ. "ನಡುವೆ ನಿಲ್ಲಿಸಿಬಿಡ್ತೀರೇನೋ ಅಂತ ಭಯ ಇತ್ತು ಅಂಕಲ್, ಹೋದ ಸಲ ಒಂದು ಸೀಟಿಗೆ ಹಂಗೇ ಆಯ್ತು" ಎಂದ. ದುಡ್ಡು ಮೊದಲೇ ಹಾಕಿದ್ದ. ನನ್ನ ಹೆಂಡತಿ ಅವನಿಗೆ ಉಪ್ಪಿಟ್ಟು ಕೊಟ್ಟಳು.

ತಿಂದು ಕೈ ಒರೆಸಿಕೊಂಡು ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿದ. ಮುಚ್ಚಳ ಹಾಕಿ, ಕಿವಿಗೆ ಒತ್ತಿಕೊಂಡು, ಮೆಲ್ಲಗೆ ಅಲ್ಲಾಡಿಸಿದ. ಒಳಗೆ ತುಕ್ಕಿನ ಚಕ್ಕೆ ಇದ್ದರೆ ಜರಜರ ಸದ್ದು ಬರುತ್ತದೆ. ಇನ್ನೊಂದು ಸಲ ಅಲ್ಲಾಡಿಸಿದ. ಏನೂ ಕೇಳಲಿಲ್ಲ. ನಕ್ಕು ಗೋಣಿಚೀಲದೊಳಗೆ ಇಳಿಸಿ, ಬಾಯಿ ಕಟ್ಟಲು ಹಗ್ಗ ಇದೆಯಾ ಎಂದು ಕೇಳಿದ.